ಒಂಟಿ ಗುಂಡಿನ ತೋಟಾ

ನೋಡುವುದಕ್ಕೆ ಆ ಗುಂಡಿನಲ್ಲಿ ಯಾವ ಊನವೂ ಇರಲಿಲ್ಲ. ಆಗಷ್ಟೇ ಅಚ್ಚಿನಿಂದ ಬಿದ್ದ ಸೀಸ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಅಂಚು ಚೂಪಾಗಿತ್ತು, ಬುಡದ ಪೊಳ್ಳು ಸಮನಾಗಿತ್ತು. ಆದರೆ ಪಕ್ಕದ ಮನೆಯ ಹಿರಿಯರು ಅದನ್ನು ತಕ್ಕಡಿಯ ತಟ್ಟೆಯಲ್ಲಿಟ್ಟಾಗ ಅದು ಉಳಿದವುಗಳಿಗಿಂತ ಎಂಟು ಗ್ರೇನ್ ಹಗುರವಾಗಿದೆ ಎಂದು ಗೊತ್ತಾಯಿತು. ಅವರು ಒಂದು ಮಾತನ್ನೂ ಆಡದೆ ಅದನ್ನು ಇಕ್ಕಳದಲ್ಲಿ ಹಿಡಿದು ಮತ್ತೆ ಕುದಿಪಾತ್ರೆಗೆ ಇಳಿಬಿಟ್ಟರು. ಒಳಗೆಲ್ಲೋ ಗಾಳಿಯ ಗುಳ್ಳೆ ಉಳಿದಿತ್ತು. ಆ ಗುಳ್ಳೆ ಗುಂಡಿನ ನಟ್ಟನಡುವೆ ಇದ್ದಿದ್ದರೆ ಹೆಚ್ಚು ಕೆಡುಕಿಲ್ಲ, ಒಂದು ಪಕ್ಕಕ್ಕೆ ಇದ್ದರೆ ಐವತ್ತು ಗಜ ದೂರದಲ್ಲಿ ಗುಂಡು ಹಿಡಿದ ಗುರಿಯನ್ನು ಬಿಟ್ಟು ಅಂಗೈಯಗಲ ಆಚೆ ಹೋಗಿ ಬೀಳಬಹುದು ಎಂದು ಆಮೇಲೆ ವಿವರಿಸಿದರು. ಗ್ರೇನ್ ಎಂಬ ತೂಕ ನನಗೆ ಅಂದಾಜಿಗೆ ಸಿಗದಿದ್ದ ಆ ದಿನಗಳಲ್ಲಿ ನಾನು ಅದನ್ನು ಗುಲಗಂಜಿಗೆ ಪರಿವರ್ತಿಸಿಕೊಂಡು ಅರ್ಥಮಾಡಿಕೊಳ್ಳುತ್ತಿದ್ದೆ. ನಮ್ಮೂರಿನ ಅಕ್ಕಸಾಲಿಗರ ತಕ್ಕಡಿಯ ಗುಲಗಂಜಿಯೊಂದು ಎರಡು ಗ್ರೇನಿಗಿಂತ ತುಸು ಕಡಿಮೆ ತೂಗುತ್ತದೆ. ಹಾಗಾಗಿ ಅವರು ಹೊರಗೆಸೆದ ವ್ಯತ್ಯಾಸ ನಾಲ್ಕೂಕಾಲು ಗುಲಗಂಜಿ.

ಇದು ನಡೆದದ್ದು ಅಮೆರಿಕದ ಓಹಾಯೊ ರಾಜ್ಯದಲ್ಲಿ, ಕೊಲಂಬಸ್ ನಗರದಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಮ್ಯಾಡಿಸನ್ ಕೌಂಟಿಯ ಬಯಲಿನಲ್ಲಿ. ಮಲೆನಾಡಿನ ಏರುತಗ್ಗುಗಳಲ್ಲಿ ಬೆಳೆದ ನನಗೆ ಆ ನೆಲ ಮೊದಲು ಕಂಡಾಗ ಯಾರೋ ಮಣೆ ಹೊಡೆದು ಸಮಮಾಡಿದ ಗದ್ದೆಯಂತೆ ತೋರಿತ್ತು. ಕಣ್ಣು ಹೋದಷ್ಟು ದೂರ ಮುಸುಕಿನ ಜೋಳ ಮತ್ತು ಸೋಯಾ, ನಡುನಡುವೆ ಒಂದೊಂದು ಮನೆ, ಮನೆಯ ಹಿಂದೆ ಒಂದು ಹಿಡಿ ಕಾಡು. ಈ ಚಪ್ಪಟೆ ನೆಲವೇ ಇಲ್ಲಿನ ಬೇಟೆಯ ಕಾನೂನನ್ನು ರೂಪಿಸಿದೆ. ಗುರಿ ತಪ್ಪಿದ ರೈಫಲಿನ ಗುಂಡನ್ನು ತಡೆಯುವುದಕ್ಕೆ ಇಲ್ಲಿ ಗುಡ್ಡವಿಲ್ಲ. ಅದು ಮೈಲಿಗಟ್ಟಲೆ ಹೋಗಿ ಯಾರದೋ ಅಂಗಳದಲ್ಲಿ ಬೀಳಬಹುದು. ಆದ್ದರಿಂದ ಓಹಾಯೊ, ಇಂಡಿಯಾನಾ, ಇಲಿನಾಯ್, ಅಯೋವಾದಂತಹ ರಾಜ್ಯಗಳಲ್ಲಿ ಬಹುಕಾಲ ಜಿಂಕೆಯ ಬೇಟೆಗೆ ಸಾಮಾನ್ಯ ರೈಫಲನ್ನು ಬಿಡದೆ, ಚರೆಯ ಕೋವಿಯಲ್ಲಿ ಹಾರಿಸುವ ಒಂಟಿ ಗುಂಡನ್ನು, ಅಂದರೆ ಇಲ್ಲಿಯವರು ಸ್ಲಗ್ ಎಂದು ಕರೆಯುವುದನ್ನು ಬಳಸಬೇಕೆಂಬ ನಿಯಮವಿತ್ತು. ಸ್ಲಗ್ ಕೋವಿಯ ಬಾಯಿಯಿಂದ ಸೆಕೆಂಡಿಗೆ ಐನೂರು ಮೀಟರಿನ ಹತ್ತಿರದ ವೇಗದಲ್ಲಿ ಹೊರಟರೂ ಅದರ ಮೊಂಡು ಮೂತಿ ಗಾಳಿಗೆ ಸಿಕ್ಕಿ, ನೂರು ಗಜ ಮುಟ್ಟುವ ಹೊತ್ತಿಗೆ ಶಬ್ದದ ವೇಗಕ್ಕಿಂತ ಕೆಳಗೆ ಇಳಿದಿರುತ್ತದೆ. ಓಹಾಯೊ 2014ರಲ್ಲಿ ನೇರ ಗೋಡೆಯ, ಅಂದರೆ ಕತ್ತಿನ ಬಳಿ ಕಿರಿದಾಗದ, ತೋಟಾಗಳನ್ನು ಹಾರಿಸುವ ಕೆಲವು ರೈಫಲುಗಳಿಗೂ ಅನುಮತಿ ಕೊಟ್ಟ ಮೇಲೆ ಹೆಚ್ಚಿನವರು ಅತ್ತ ಸರಿದರು. ನಮ್ಮ ಹಿರಿಯರು ಸರಿಯಲಿಲ್ಲ. ಯಂತ್ರದ ಕಾರ್ಖಾನೆಯೊಂದರಲ್ಲಿ ಲೇತ್ ಹಿಡಿದು ಮೂವತ್ತು ವರ್ಷ ಕಳೆದು ನಿವೃತ್ತರಾದ ಅವರಿಗೆ ಸ್ಲಗ್ಗನ್ನು ಮನೆಯಲ್ಲೇ ಎರಕ ಹೊಯ್ದು, ತೋಟಾ ಕಟ್ಟಿ, ನವೆಂಬರ್ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಕಾಡಿನಂಚಿಗೆ ಹೋಗುವುದು ಒಂದು ವ್ರತದ ಹಾಗೆ.

ನಾನು ಅವರ ಗ್ಯಾರೇಜಿನ ಬಾಗಿಲಲ್ಲಿ ನಿಂತದ್ದು ಕುತೂಹಲದಿಂದಲೇ ಹೊರತು ಬೇಟೆಯ ಆಸೆಯಿಂದಲ್ಲ. ಈ ದೇಶದಲ್ಲಿ ಎಚ್-1ಬಿ ವೀಸಾದ ಮೇಲೆ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವಂತಿಲ್ಲ, ಯಾವುದಾದರೊಂದು ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ಮಾತ್ರ ವಿನಾಯಿತಿ ಎಂಬುದು ನಮ್ಮವರಲ್ಲಿ ಬಹಳ ಮಂದಿಗೆ ತಿಳಿದಿರುವುದಿಲ್ಲ. ನಾನಂತೂ ಹಸಿರು ಕಾರ್ಡು ಕೈಗೆ ಬಂದ ಮೇಲೆಯೇ, ಬೇಟೆಗಾರರ ಶಿಕ್ಷಣದ ತರಗತಿಯನ್ನು ಮುಗಿಸಿ, ಅವರ ಬೆಂಚಿನ ಮುಂದಿನ ಸ್ಟೂಲಿನಲ್ಲಿ ಕುಳಿತೆ. ತನ್ನ ಬಳಕೆಗಾಗಿ ತಾನೇ ತೋಟಾ ಕಟ್ಟಿಕೊಳ್ಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪರವಾನಗಿ ಬೇಕಿಲ್ಲ. ಮಾರುವ ವ್ಯವಹಾರಕ್ಕೆ ಇಳಿದರೆ ಬೇಕು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ. ಹಾಗಾಗಿ ಊರಿನಲ್ಲಿ ಕುಳಿತು ಇದನ್ನು ಓದುವವರು ಕೈ ಹಚ್ಚಬೇಕಾದ ಕೆಲಸ ಇದಲ್ಲ. ಮದ್ದಿನ ಅಳತೆಗಳನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಏಕೆ ಬರೆಯುವುದಿಲ್ಲ ಎಂಬುದೇ ಒಂದರ್ಥದಲ್ಲಿ ಈ ಬರಹದ ವಿಷಯ.

ಹನ್ನೆರಡರ ಕೋವಿ ಎಂಬ ಹೆಸರಿನಲ್ಲೇ ಸೀಸದ ಗುಂಡು ಅಡಗಿದೆ. ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಮಾಡಿದರೆ ಅವುಗಳಲ್ಲಿ ಒಂದು ಸರಿಯಾಗಿ ಕೂರುವ ನಳಿಗೆಯೇ ಹನ್ನೆರಡರ ನಳಿಗೆ. ಅದರ ಒಳ ಅಡ್ಡಳತೆ ಸುಮಾರು ಹದಿನೆಂಟೂವರೆ ಮಿಲಿಮೀಟರ್. ನಳಿಗೆಯ ಒಳಗೋಡೆ ನುಣುಪು, ರೈಫಲಿನ ಹಾಗೆ ಗುಂಡನ್ನು ತಿರುಗಿಸುವ ತಿರುಪುಗೆರೆಗಳು ಅಲ್ಲಿಲ್ಲ. ತಿರುಗದ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೇರ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಬಗೆಬಗೆಯ ಉತ್ತರ ಕೊಟ್ಟಿದ್ದಾರೆ. ಜರ್ಮನಿಯ ಲೈಪ್‌ಜಿಗ್‌ನ ವಿಲ್‌ಹೆಲ್ಮ್ ಬ್ರೆನೆಕೆ 1898ರಲ್ಲಿ ಗಟ್ಟಿ ಸೀಸದ ಗುಂಡಿನ ಹಿಂಬದಿಗೆ ಹಗುರವಾದ ಬಿರಡೆಯನ್ನು ತಿರುಪಿನಿಂದ ಬಿಗಿದರು. ಮುಂದೆ ಭಾರ, ಹಿಂದೆ ಹಗುರ ಆದದ್ದರಿಂದ ಅದು ಬಾಲವಿರುವ ಬಾಣದ ಹಾಗೆ ಹೋಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕಾರ್ಲ್ ಫಾಸ್ಟರ್ 1931ರಲ್ಲಿ ಬಿರಡೆಯನ್ನೇ ಬಿಟ್ಟು, ಗುಂಡಿನ ಬುಡವನ್ನು ಬೆರಳಿಗೆ ಹಾಕುವ ಅಂಗುಸ್ತಾನದ ಹಾಗೆ ಪೊಳ್ಳುಮಾಡಿದರು. ಬ್ಯಾಡ್ಮಿಂಟನ್ನಿನ ಕಾಕ್ ಯಾವ ಕಾರಣಕ್ಕೆ ಎತ್ತ ಹೊಡೆದರೂ ಮೂತಿಯನ್ನು ಮುಂದೆ ಮಾಡಿಕೊಳ್ಳುತ್ತದೆಯೋ ಅದೇ ಕಾರಣಕ್ಕೆ ಫಾಸ್ಟರ್ ಗುಂಡೂ ನೇರ ಹೋಗುತ್ತದೆ. ಗುಂಡಿನ ಹೊರಮೈಯಲ್ಲಿ ಓರೆಯಾಗಿ ಕೊರೆದ ಗೆರೆಗಳಿಂದಾಗಿಯೇ ಅದು ತಿರುಗುತ್ತದೆಂದು ಅಂಗಡಿಯವರೂ ಹೇಳುತ್ತಾರೆ, ಪೆಟ್ಟಿಗೆಯ ಮೇಲಿನ ಹೆಸರೂ ಹಾಗೆಯೇ ಸೂಚಿಸುತ್ತದೆ. ವಾಸ್ತವದಲ್ಲಿ ಆ ಗೆರೆಗಳಿಂದ ಹುಟ್ಟುವ ತಿರುಗುವಿಕೆ ಲೆಕ್ಕಕ್ಕೆ ಬಾರದಷ್ಟು. ನಳಿಗೆಯ ತುದಿ ಕಿರಿದಾಗಿರುವ ಕಡೆ ಸೀಸ ಸುಲಭವಾಗಿ ಹಿಸುಕಿಕೊಂಡು ಹೊರಬರಲಿ ಎಂಬುದಕ್ಕೆ ಅವು ಹೆಚ್ಚು ನೆರವಾಗುತ್ತವೆ.

ಇದೇ ಪ್ರಶ್ನೆಗೆ ಭಾರತದ ಕಾಡಿನ ನೆನಪಿರುವ ಉತ್ತರವೂ ಒಂದಿದೆ. ಬ್ರಿಟಿಷ್ ಭಾರತದ ಸೈನ್ಯದಲ್ಲಿ ದುಡಿದು, ವಾಯವ್ಯ ಗಡಿಯ ಅಂಬೇಲಾ ಕಾಳಗದಲ್ಲಿ 1863ರಲ್ಲಿ ತೋರಿದ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದ ಜಾರ್ಜ್ ಫಾಸ್ಬೆರಿ ಎಂಬ ಅಧಿಕಾರಿ, ನಳಿಗೆಯ ಕೊನೆಯ ಕೆಲವೇ ಅಂಗುಲಗಳಲ್ಲಿ ಮಾತ್ರ ತಿರುಪುಗೆರೆ ಕೊರೆಯುವ ಉಪಾಯಕ್ಕೆ 1885ರಲ್ಲಿ ಪೇಟೆಂಟ್ ಪಡೆದರು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಅದನ್ನು ಪ್ಯಾರಡಾಕ್ಸ್ ಎಂಬ ಹೆಸರಿನಲ್ಲಿ ಮಾರಿತು. ಒಂದೇ ಕೋವಿಯಲ್ಲಿ ಕಾಡುಕೋಳಿಗೆ ಚರೆ, ಹುಲಿಗೆ ಗುಂಡು. ಎರಡೆರಡು ಕೋವಿ ಹೊತ್ತು ಕಾಡು ಸುತ್ತಲಾರದವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿರಲಿಲ್ಲ.

ಎರಕದ ಕೆಲಸವೇ ನನಗೆ ಹೆಚ್ಚು ಹಿಡಿಸಿದ್ದು, ಹೆಚ್ಚು ಹೆದರಿಸಿದ್ದೂ ಅದೇ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎರಕ ಹೊಯ್ಯಲು ಅದಕ್ಕಿಂತ ಸಾಕಷ್ಟು ಮೇಲಿನ ಬಿಸಿ ಬೇಕು. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಮುದುಕರ ಕೆನ್ನೆಯ ಹಾಗೆ ಸುಕ್ಕುಗಟ್ಟುತ್ತದೆ, ಮಿತಿಮೀರಿ ಕಾದರೆ ಇಬ್ಬನಿ ಕೂತಂತೆ ಮಂಕಾಗುತ್ತದೆ. ಆದ್ದರಿಂದ ಮೊದಲ ಹತ್ತು ಹನ್ನೆರಡು ಗುಂಡುಗಳು ಯಾವಾಗಲೂ ಮರಳಿ ಪಾತ್ರೆಗೆ ಹೋಗುವುದಕ್ಕೇ ಹುಟ್ಟುತ್ತವೆ. ಮೊದಲ ದೋಸೆ ಕಾವಲಿಗೆ ಎನ್ನುವ ನಮ್ಮ ಮನೆಯ ಮಾತನ್ನು ನಾನು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಿದಾಗ, ದೋಸೆಯನ್ನು ಕಂಡರಿಯದ ಅವರು ತಮ್ಮ ಹೆಂಡತಿಯ ಪ್ಯಾನ್‌ಕೇಕಿನ ಮೂಲಕ ಅದನ್ನು ಕೂಡಲೇ ಅರ್ಥಮಾಡಿಕೊಂಡರು. ವಾಹನದ ಚಕ್ರಗಳು ಸಮತೂಕದಲ್ಲಿ ತಿರುಗಲೆಂದು ಅಂಚಿಗೆ ಸಿಕ್ಕಿಸುವ ತೂಕದ ಚೂರುಗಳು, ಹಳೆಯವು, ಅವರ ಸೀಸದ ಮೂಲ. ಅವುಗಳಲ್ಲಿ ಈಚೆಗೆ ಸತುವಿನವೂ ಬೆರೆತಿರುತ್ತವೆ. ಸತು ಕರಗುವುದು 419 ಡಿಗ್ರಿಗೆ. ಪಾತ್ರೆಯ ಬಿಸಿಯನ್ನು ಅದಕ್ಕಿಂತ ಕೆಳಗೆ ಹಿಡಿದರೆ ಸತುವಿನ ಚೂರುಗಳು ತೇಲುತ್ತವೆ, ಸೌಟಿನಿಂದ ಬಾಚಿ ತೆಗೆಯಬಹುದು. ಸ್ವಲ್ಪ ಮೈಮರೆತರೆ ಅದೂ ಕರಗಿ ಇಡೀ ಪಾತ್ರೆಯ ಸೀಸ ಗಂಜಿಯಂತೆ ಮುದ್ದೆಗಟ್ಟಿ ಎರಕಕ್ಕೆ ಬಾರದಂತಾಗುತ್ತದೆ. ಚಕ್ರದ ಆ ಚೂರುಗಳಲ್ಲಿ ಆಂಟಿಮನಿ ಎಂಬ ಧಾತು ಬೆರೆತಿರುವುದರಿಂದ ಅವು ತುಸು ಗಡಸು. ಕಿರಿದಾದ ನಳಿಗೆಬಾಯಿಯಲ್ಲಿ ಹಿಸುಕಿಕೊಳ್ಳಬೇಕಾದ ಗುಂಡಿಗೆ ಮೆತ್ತನೆಯ ಶುದ್ಧ ಸೀಸವೇ ವಾಸಿ ಎಂದು ಅವರು ಆ ಎರಡನ್ನೂ ಬೇರೆಬೇರೆ ಡಬ್ಬಗಳಲ್ಲಿ, ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಇಟ್ಟಿದ್ದರು.

ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಬಿದ್ದರೂ ಅದು ಹಬೆಯಾಗಿ ಸಿಡಿದು ಪಾತ್ರೆಯಲ್ಲಿರುವುದನ್ನೆಲ್ಲ ಮುಖದ ಮೇಲೆ ಎರಚುತ್ತದೆ. ಅವರ ಎಡ ಮುಂಗೈಯಲ್ಲಿ ಅಂತಹ ಒಂದು ದಿನದ ಗುರುತು ಇತ್ತು. ಕೆಲಸ ನಡೆಯುವ ಬೆಂಚಿನ ಹತ್ತಿರ ಕಾಫಿ ಲೋಟವೂ ಬರುವಂತಿರಲಿಲ್ಲ. ಅದಕ್ಕೆ ಎರಡು ಕಾರಣ, ಒಂದು ನೀರು, ಇನ್ನೊಂದು ವಿಷ. ಸೀಸದ ಮೇಲೆ ಕಟ್ಟುವ ಬೂದಿಯಂತಹ ಕಿಟ್ಟ ಬೆರಳಿಗಂಟಿ ಬಾಯಿಗೆ ಹೋಗುವುದೇ ದೊಡ್ಡ ಅಪಾಯ. ಮಕ್ಕಳಿರುವ ಮನೆಯಲ್ಲಿ ಆ ಬಟ್ಟೆ ತೊಟ್ಟು ಒಳಗೆ ಹೋಗುವುದೂ ಸಲ್ಲದು. ಹೀಗಾಗಿ ಗ್ಯಾರೇಜಿನ ದೊಡ್ಡ ಬಾಗಿಲು ಚಳಿಯಲ್ಲೂ ತೆರೆದೇ ಇರುತ್ತಿತ್ತು. ನಾನು ಮನೆಗೆ ಬಂದ ಮೇಲೆ ಮೈತೊಳೆದ ಹೊರತು ಹೆಂಡತಿ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಹಳೆಯ ಕಾಲದ ಮಡಿ ಈ ರೂಪದಲ್ಲಿ ಮರಳಿ ಬಂದಿತಲ್ಲ ಎಂದು ನಾವಿಬ್ಬರೂ ನಕ್ಕಿದ್ದೇವೆ.

ಇಷ್ಟೆಲ್ಲ ಎಚ್ಚರಿಕೆಯ ನಡುವೆ ಕುಳಿತಾಗ ನನಗೆ ನೆನಪಾಗುತ್ತಿದ್ದುದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿ. ಬೆಳೆ ರಕ್ಷಣೆಯ ಪರವಾನಗಿಯಿದ್ದ ಒಂಟಿ ನಳಿಗೆಯ ಕೇಪಿನ ಕೋವಿಯನ್ನು ಅಜ್ಜಯ್ಯ ತೊಡೆಗಳ ನಡುವೆ ನಿಲ್ಲಿಸಿಕೊಂಡು ಈಡು ಕಟ್ಟುತ್ತಿದ್ದರು. ನನಗೆ ಬುದ್ಧಿ ಬರುವ ಹೊತ್ತಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಿತ್ತು. ಆದ್ದರಿಂದ ನಾನು ಕಂಡದ್ದೆಲ್ಲ ಗದ್ದೆಗಿಳಿದ ಹಂದಿಗಳನ್ನೂ ತೋಟಕ್ಕೆ ಬಂದ ಮಂಗಗಳನ್ನೂ ಬೆದರಿಸುವ ಬರಿಯ ಈಡುಗಳನ್ನು. ಕೊಂಬಿನಿಂದ ಮಸಿಯನ್ನು, ಅಂದರೆ ಕರಿಮದ್ದನ್ನು, ಅಂಗೈಗೆ ಸುರಿದುಕೊಂಡು, ಒಮ್ಮೆ ಕಣ್ಣಲ್ಲೇ ಅಳೆದು, ನಳಿಗೆಗೆ ಇಳಿಸಿ, ಅದರ ಮೇಲೆ ತೆಂಗಿನ ಕತ್ತವನ್ನು ಉಂಡೆಮಾಡಿ ತುರುಕಿ ಗಜದಿಂದ ಜಡಿಯುವರು. ಜಡಿದ ಮೇಲೆ ಗಜದ ತುದಿ ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ನಿಂತಿತೆಂದು ಬೆರಳಿಟ್ಟು ನೋಡುವರು. ಈಡಿನ ಅಳತೆಯೆಂದರೆ ಅದೇ. ಹಕ್ಕಿಗೆ ಇಷ್ಟು ಬೆರಳು, ಹಂದಿಗೆ ಇಷ್ಟು ಬೆರಳು ಎಂದು ಹಿಂದಿನ ಶಿಕಾರಿಯ ಕಾಲದ ಲೆಕ್ಕಗಳು ಅವರ ಬಾಯಲ್ಲಿದ್ದವು. ಗುಂಡು ಬೇಕಾದಾಗ ಹರಿದ ಬಲೆಯ ಸೀಸದ ಮಣಿಗಳನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸುತ್ತಿದ್ದರಂತೆ. ತಕ್ಕಡಿ ಎಂಬ ವಸ್ತು ನಮ್ಮ ಮನೆಯಲ್ಲಿದ್ದದ್ದು ಅಡಿಕೆ ತೂಗುವುದಕ್ಕೆ ಮಾತ್ರ.

ಕನ್ನಡದಲ್ಲಿ ಗಜ ಎಂದರೆ ಕೋವಿಗೆ ಈಡು ಜಡಿಯುವ ಸಲಾಕೆಯೂ ಹೌದು, ಮೂರಡಿಯ ಅಳತೆಯೂ ಹೌದು. ಅಜ್ಜಯ್ಯನ ಕೈಯಲ್ಲಿ ಆ ಎರಡರ್ಥಗಳೂ ಒಂದೇ ಆಗಿದ್ದವು.

ಈ ಎರಡು ಬೆಂಚುಗಳನ್ನು, ಅಂದರೆ ಓಹಾಯೊದ ಗ್ಯಾರೇಜನ್ನೂ ನಮ್ಮ ಜಗಲಿಯನ್ನೂ, ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನಾನು ಮೊದಲು ತಲುಪಿದ ತೀರ್ಮಾನ ತಪ್ಪಾಗಿತ್ತು. ಅನುಭವಸ್ಥನ ಕೈಯಳತೆಯ ಮುಂದೆ ಈ ಗ್ರೇನು, ಈ ಡಿಜಿಟಲ್ ತಕ್ಕಡಿ, ಈ ಕೈಪಿಡಿಗಳೆಲ್ಲ ಅಮೆರಿಕನ್ನರ ಅತಿಯಾದ ಶಿಸ್ತು ಎಂದುಕೊಂಡಿದ್ದೆ. ಒಂದು ಸಂಜೆ ಆ ಮಾತನ್ನು ಆಡಿಯೂ ಬಿಟ್ಟೆ. ಹಿರಿಯರು ತಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, "ನಿಮ್ಮ ಅಜ್ಜ ಜಾಣರೇ ಇರಬೇಕು, ಆದರೆ ಅವರನ್ನು ಕಾಪಾಡಿದ್ದು ಅವರ ಕೈಯಲ್ಲ, ಅವರ ಮದ್ದು" ಎಂದರು. ಕೇಳುವುದಕ್ಕೆ ಒರಟಾಗಿದ್ದರೂ ಆ ಮಾತು ನಿಜವೆಂದು ನನಗೆ ಮನವರಿಕೆಯಾಗಲು ಕೆಲವು ವಾರಗಳ ಓದು ಬೇಕಾಯಿತು.

ಗಂಧಕ, ಇದ್ದಿಲು, ಪೆಟ್ಲುಪ್ಪು ಬೆರೆತ ಕರಿಮದ್ದು ಒಂದು ಬಗೆಯ ಸಮಾಧಾನದ ವಸ್ತು. ಎಷ್ಟೇ ಬಿಗಿಯಾಗಿ ಜಡಿದರೂ ಅದು ಉರಿಯುವ ವೇಗ ಒಂದು ಮಿತಿಯನ್ನು ಸುಲಭಕ್ಕೆ ಮೀರುವುದಿಲ್ಲ. ಒಂದು ಚಿಟಿಕೆ ಹೆಚ್ಚಾದರೆ ಭುಜಕ್ಕೆ ಒಂದು ಗುದ್ದು ಹೆಚ್ಚು, ಹೊಗೆ ಹೆಚ್ಚು, ಅಷ್ಟೇ. 1880ರ ದಶಕದಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಮತ್ತು ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ ಅವರಿಂದ ಬಳಕೆಗೆ ಬಂದ ಹೊಗೆಯಿಲ್ಲದ ಮದ್ದಿನ ಸ್ವಭಾವವೇ ಬೇರೆ. ಅದು ಒತ್ತಡ ಏರಿದಷ್ಟೂ ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಬಾಯಿ ತೆರೆದ ತಟ್ಟೆಯಲ್ಲಿ ಸೋಮಾರಿಯಂತೆ ಉರಿಯುವ ಅದೇ ಪುಡಿ, ಭಾರವಾದ ಗುಂಡಿನ ಹಿಂದೆ ಸಿಕ್ಕಿಬಿದ್ದಾಗ ತನ್ನನ್ನು ತಾನೇ ಕೆರಳಿಸಿಕೊಳ್ಳುತ್ತದೆ. ಚರೆಯ ಕೋವಿಯ ನಳಿಗೆಯಾದರೋ ತೆಳುವಾದದ್ದು. ಸಾಮಾನ್ಯ ಹನ್ನೆರಡರ ತೋಟಾಕ್ಕೆ ಅಮೆರಿಕದ ಉದ್ಯಮ ಒಪ್ಪಿಕೊಂಡಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 11,500 ಪೌಂಡ್. ಬೇಟೆಯ ರೈಫಲುಗಳು 60,000ದ ಆಸುಪಾಸನ್ನು ತಡೆಯುತ್ತವೆ. ಹಾಗಾಗಿ ರೈಫಲಿನ ತೋಟಾ ಕಟ್ಟಿ ಪಳಗಿದವರು ಕೂಡ ಚರೆ ಕೋವಿಗೆ ಬಂದಾಗ ಹೊಸಬರಂತೆ ಕೂರಬೇಕು ಎನ್ನುತ್ತಾರೆ.

ಇಲ್ಲಿ ಹಳೆಯ ಅಳತೆಯ ಪಳೆಯುಳಿಕೆಯೊಂದು ಇನ್ನೂ ಬಲೆ ಬೀಸಿಕೊಂಡು ಕುಳಿತಿದೆ. ಅಂಗಡಿಯ ತೋಟಾ ಪೆಟ್ಟಿಗೆಗಳ ಮೇಲೆ ಇಂದಿಗೂ ಮೂರು ಡ್ರಾಮ್, ಮೂರೂಕಾಲು ಡ್ರಾಮ್ ಎಂದು ಮುದ್ರಿಸಿರುತ್ತಾರೆ. ಅದರ ಅರ್ಥ ಒಳಗೆ ಅಷ್ಟು ಮದ್ದು ಇದೆಯೆಂದಲ್ಲ. ಅಷ್ಟು ಕರಿಮದ್ದು ಹಾಕಿದ್ದರೆ ಬರುತ್ತಿದ್ದ ವೇಗ ಈ ತೋಟಾದಿಂದಲೂ ಬರುತ್ತದೆ ಎಂದಷ್ಟೇ. ಕರಿಮದ್ದಿನ ಕಾಲ ಮುಗಿದು ನೂರು ವರ್ಷವಾದರೂ ಉಳಿದುಕೊಂಡ ಈ ಮಾತನ್ನು ಅಕ್ಷರಶಃ ತೆಗೆದುಕೊಂಡು ಯಾರಾದರೂ ಅಷ್ಟೇ ತೂಕದ ಹೊಗೆಯಿಲ್ಲದ ಮದ್ದನ್ನು ತುಂಬಿದರೆ ಕೋವಿಯೂ ಉಳಿಯುವುದಿಲ್ಲ, ಹಿಡಿದ ಕೈಯೂ ಉಳಿಯುವುದಿಲ್ಲ.

ಅಳತೆ ಎಂದರೆ ಮದ್ದಿನ ತೂಕವೊಂದೇ ಅಲ್ಲ ಎಂಬುದು ನಿಧಾನವಾಗಿ ಅರಿವಾಯಿತು. ತೋಟಾ ಎಂಬ ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರು, ಮದ್ದು, ಅದನ್ನು ಮುಚ್ಚುವ ವಾಡು, ಮೇಲೆ ಗುಂಡು, ಕೊನೆಗೆ ಕೊಳವೆಯ ಬಾಯನ್ನು ಮಡಚುವ ಕ್ರಿಂಪು, ಹೀಗೆ ಒಂದರ ಮೇಲೊಂದು ಕೂತಿರುತ್ತವೆ. ವಾಡು ಎಂಬುದು ಅಜ್ಜಯ್ಯನ ಕತ್ತವೇ. ಬಿಸಿ ಅನಿಲ ಗುಂಡನ್ನು ದಾಟಿ ಮುಂದೆ ನುಗ್ಗದಂತೆ ತಡೆಯುವುದೇ ಎರಡರ ಕೆಲಸವೂ. ಆದರೆ ಇಲ್ಲಿ ವಾಡಿನ ಕಂಪನಿ ಬದಲಾದರೆ ಒತ್ತಡ ಬದಲಾಗುತ್ತದೆ. ಹಳೆಯ ತೋಟಾದ ಒಳಗೋಡೆ ನೇರವಾಗಿದೆಯೋ ಬುಡದ ಕಡೆಗೆ ಕಿರಿದಾಗುತ್ತದೆಯೋ ಎಂಬುದರಿಂದ ಬದಲಾಗುತ್ತದೆ. ಒಂದೇ ನಂಬರಿನ ಎರಡು ಕಂಪನಿಗಳ ಪ್ರೈಮರುಗಳ ನಡುವೆಯೂ ವ್ಯತ್ಯಾಸವಿದೆ. ಬಾಯನ್ನು ನಕ್ಷತ್ರದಂತೆ ಮಡಚುವುದೋ, ಹಳೆಯ ಕಾಗದದ ತೋಟಾಗಳಂತೆ ಅಂಚನ್ನು ಒಳಕ್ಕೆ ಸುರುಳಿ ಸುತ್ತುವುದೋ ಎಂಬುದೂ ಲೆಕ್ಕಕ್ಕೆ ಸೇರುತ್ತದೆ. ಏಕೆಂದರೆ ಬಾಯಿ ಎಷ್ಟು ಹೊತ್ತು ಗುಂಡನ್ನು ಹಿಡಿದು ನಿಲ್ಲಿಸುತ್ತದೆಯೋ ಅಷ್ಟು ಹೊತ್ತು ಒತ್ತಡ ಒಳಗೆ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಪ್ರಕಟಿಸಿದ ಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ, ಒಂದು ಭಾಗವನ್ನೂ ಅದಲುಬದಲು ಮಾಡದೆ ಕಟ್ಟಬೇಕು ಎಂಬುದು ಅವರ ಬೆಂಚಿನ ಒಂದೇ ಶಾಸ್ತ್ರ. ಸಾರಿನ ಪುಡಿ ಮುಗಿದರೆ ಪಲ್ಯದ ಪುಡಿ ಹಾಕಿ ನೋಡೋಣ ಎನ್ನುವ ನಮ್ಮ ಅಡುಗೆಮನೆಯ ಧೈರ್ಯಕ್ಕೆ ಇಲ್ಲಿ ಜಾಗವಿಲ್ಲ. 2020 ಮತ್ತು 2021ರಲ್ಲಿ ದೇಶದಾದ್ಯಂತ ಪ್ರೈಮರುಗಳು ಸಿಗದೆ ಹೋದಾಗ ಅವರು ತಮ್ಮ ಪಟ್ಟಿಯಲ್ಲಿದ್ದ ಪ್ರೈಮರು ಸಿಗುವವರೆಗೆ ತೋಟಾ ಕಟ್ಟುವ ಪ್ರೆಸ್ಸಿಗೆ ಬಟ್ಟೆ ಹೊದಿಸಿ ಸುಮ್ಮನೆ ಕೂತರು. ಬೇರೆ ಕಂಪನಿಯ ಒಂದು ಸಾವಿರ ಪ್ರೈಮರುಗಳು ಶೆಲ್ಫಿನಲ್ಲೇ ಇದ್ದವು.

ನಾನು ಕಟ್ಟಿದ ಮೊದಲ ಇಪ್ಪತ್ತು ತೋಟಾಗಳನ್ನು ಹಾರಿಸಲು ಹೋದ ದಿನದ್ದು ಹೇಳಿಕೊಳ್ಳಲು ಹೆಮ್ಮೆಯ ಕಥೆಯಲ್ಲ. ಏಳನೆಯದೋ ಎಂಟನೆಯದೋ ಗುಂಡಿಗೆ ಕೋವಿ ಗುಡುಗಲಿಲ್ಲ. ಒದ್ದೆ ಪಟಾಕಿಯಂತೆ ಟಪ್ ಎಂದಿತು, ಭುಜಕ್ಕೆ ತಳ್ಳುವಿಕೆಯೇ ತಿಳಿಯಲಿಲ್ಲ. ಪಂಪ್ ಕೋವಿಯಾದ್ದರಿಂದ ನನ್ನ ಎಡಗೈ ಆಗಲೇ ಅಭ್ಯಾಸಬಲದಿಂದ ಹಿಂದಕ್ಕೆ ಎಳೆದು ಮುಂದಿನ ತೋಟಾವನ್ನು ಏರಿಸುವುದರಲ್ಲಿತ್ತು. ಹಿರಿಯರು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದು "ಬೇಡ" ಎಂದರು. ಕೋವಿಯ ಬಾಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷಕ್ಕೂ ಹೆಚ್ಚು ಕಾದೆವು. ಆಮೇಲೆ ಅದನ್ನು ಪೂರ್ತಿ ಬರಿದುಮಾಡಿ, ನಳಿಗೆಯನ್ನು ಕಳಚಿ, ಆಕಾಶಕ್ಕೆ ಹಿಡಿದು ನೋಡಿದಾಗ ಬೆಳಕು ಕಾಣಲಿಲ್ಲ. ಒಂದು ಔನ್ಸಿನ ನನ್ನ ಗುಂಡು ನಡುದಾರಿಯಲ್ಲಿ ಸಿಕ್ಕಿಕೊಂಡು ಕೂತಿತ್ತು. ತೋಟಾಕ್ಕೆ ಮದ್ದೇ ಬಿದ್ದಿರಲಿಲ್ಲ, ಬರಿಯ ಪ್ರೈಮರಿನ ಬಲಕ್ಕೆ ಅದು ಅಷ್ಟು ದೂರ ತೆವಳಿತ್ತು. ಅದರ ಹಿಂದೆ ಇನ್ನೊಂದು ಗುಂಡನ್ನು ನಾನು ಹಾರಿಸಿದ್ದರೆ ಏನಾಗುತ್ತಿತ್ತೆಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹಿಂದಿನ ಭಾನುವಾರ ತೋಟಾ ಕಟ್ಟುವಾಗ ಊರಿನಿಂದ ಅಣ್ಣನ ಫೋನು ಬಂದಿತ್ತು. ಅಡಿಕೆಯ ಧಾರಣೆ, ಅತ್ತಿಗೆಯ ಮಂಡಿನೋವು ಎಲ್ಲ ಮಾತಾಡಿ ಮುಗಿಸಿ ಕೂತಾಗ ಕೈ ನಿಲ್ಲಿಸಿದ ಕಡೆಯಿಂದಲೇ ಮುಂದುವರಿದೆನೆಂದು ನಂಬಿದ್ದೆ. ಉಳಿದ ತೋಟಾಗಳೆಲ್ಲವನ್ನೂ ಅಂದೇ ಸಂಜೆ ಕತ್ತರಿಸಿ ಬಿಚ್ಚಿದೆವು. ಮತ್ತೊಂದರಲ್ಲಿ ಮದ್ದು ಇರಲಿಲ್ಲ.

ನಮ್ಮ ಪಕ್ಕದ ಊರಿನಲ್ಲಿ ಒಬ್ಬರ ಕೇಪಿನ ಕೋವಿ ಸಿಡಿದು ಹೆಬ್ಬೆರಳು ಹೋದದ್ದು ಈಡಿನ ಮೇಲೆ ಈಡು ಕಟ್ಟಿದ್ದರಿಂದ. ಕೋವಿಯಲ್ಲಿ ಹಿಂದಿನ ರಾತ್ರಿ ಕಟ್ಟಿಟ್ಟ ಈಡು ಇದೆಯೆಂಬುದನ್ನು ಮರೆತಿದ್ದರು. ಅದಾದ ಮೇಲೆಯೋ ಮೊದಲಿನಿಂದಲೋ ಗೊತ್ತಿಲ್ಲ, ಅಜ್ಜಯ್ಯ ಕೋವಿ ಕೈಗೆತ್ತಿಕೊಂಡರೆ ಮೊದಲು ಮಾಡುತ್ತಿದ್ದುದು ಬರಿಯ ಗಜವನ್ನು ಒಳಗೆ ಇಳಿಬಿಡುವುದು. ಗಜ ಟಣ್ ಎಂದು ಬುಡ ಮುಟ್ಟಿ ತಾನು ನಿಲ್ಲಬೇಕಾದ ಮಟ್ಟದಲ್ಲಿ ನಿಂತರೆ ಮಾತ್ರ ಕೊಂಬಿಗೆ ಕೈಹಾಕುವರು. "ಏ ಹುಡುಗಾ, ಕೇಳ್ತಾ? ಖಾಲಿ ನಳಿಗೆಯ ಶಬ್ದವೇ ಬೇರೆ" ಎನ್ನುವರು. ನಾನು ಅದನ್ನು ಆಗ ಒಂದು ಸೊಗಸಾದ ಶಬ್ದವೆಂದಷ್ಟೇ ಕೇಳಿಸಿಕೊಂಡಿದ್ದೆ. ನಳಿಗೆಯೊಳಗೆ ಬೆಳಕು ಕಾಣದೆ ನಿಂತ ಆ ಮಧ್ಯಾಹ್ನ ಹಿರಿಯರು ತೆಳುವಾದ ಮರದ ಕೋಲಿನಿಂದ ಸಿಕ್ಕಿಬಿದ್ದ ಗುಂಡನ್ನು ಹಿಂದಕ್ಕೆ ತಟ್ಟಿ ತಟ್ಟಿ ಬೀಳಿಸುತ್ತಿದ್ದಾಗ, ಕೊನೆಯಲ್ಲಿ ಕೋಲು ತಡೆಯಿಲ್ಲದೆ ಓಡಾಡಿದ ಸದ್ದು ಕೇಳಿ ನನಗೆ ಮೈ ಜುಮ್ಮೆಂದಿತು.

ಖರ್ಚಿನ ದೃಷ್ಟಿಯಿಂದ ನೋಡಿದರೆ ಈ ಕೆಲಸಕ್ಕೆ ಸಮರ್ಥನೆ ಕಡಿಮೆ. ಸ್ಲಗ್ಗುಗಳು ಅಂಗಡಿಯಲ್ಲಿ ಐದೈದರ ಪುಟ್ಟ ಪೆಟ್ಟಿಗೆಯಲ್ಲಿ ಬರುತ್ತವೆ, ದುಬಾರಿಯೂ ಹೌದು. ಆದರೆ ಓಹಾಯೊದಲ್ಲಿ ಜಿಂಕೆಯ ಬೇಟೆಗೆ ಹೋಗುವವನ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇರುವಂತಿಲ್ಲ, ಇಡೀ ಹಂಗಾಮಿಗೆ ಆತನಿಗೆ ಎರಡು ಪೆಟ್ಟಿಗೆ ಸಾಕು. ಅಚ್ಚು, ಪಾತ್ರೆ, ತಕ್ಕಡಿ, ಪ್ರೆಸ್ಸುಗಳ ದುಡ್ಡು ಎಂದಿಗೂ ಮರಳಿ ಹುಟ್ಟುವುದಿಲ್ಲ. ಮನೆಯಲ್ಲಿ ಕಟ್ಟುವವರು ಕೊಡುವ ನಿಜವಾದ ಕಾರಣ ಅಭ್ಯಾಸ. ಅಂಗಡಿಯ ಬೆಲೆಗೆ ಹೆದರಿ ವರ್ಷಕ್ಕೆ ಮೂರು ಗುಂಡು ಹಾರಿಸಿ ಕಾಡಿಗೆ ಹೋಗುವವರಿಗಿಂತ, ಕಡಿಮೆ ಮದ್ದಿನ ಮೆತ್ತನೆಯ ತೋಟಾಗಳಲ್ಲಿ ನೂರು ಬಾರಿ ಹಾರಿಸಿ ಭುಜದ ಭಯ ಕಳೆದುಕೊಂಡವರು ಜಿಂಕೆಯನ್ನು ಗಾಯಗೊಳಿಸಿ ಓಡಿಸುವುದು ಕಡಿಮೆ ಎಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದೆ ಉಳಿದಿರುವುದು ಸೀಸದ ವಿಷಯ. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ಅಮೆರಿಕ 1991ರಲ್ಲೇ ದೇಶದಾದ್ಯಂತ ನಿಷೇಧಿಸಿತು. ಕ್ಯಾಲಿಫೋರ್ನಿಯಾ 2019ರಿಂದ ಎಲ್ಲ ಬೇಟೆಯಲ್ಲೂ ಸೀಸವನ್ನು ಹೊರಗಿಟ್ಟಿದೆ. ನಿಧಾನಗತಿಯ ದಪ್ಪ ಗುಂಡು ರೈಫಲಿನ ಗುಂಡಿನಷ್ಟು ಚೂರಾಗುವುದಿಲ್ಲವೆಂಬುದು ನಿಜವಾದರೂ ಮಾಂಸದಲ್ಲಿ ಏನೂ ಉಳಿಯುವುದಿಲ್ಲವೆಂದು ಯಾರೂ ಆಣೆಯಿಡಲಾರರು. ಹಿರಿಯರು ಕೊಟ್ಟ ಮಾಂಸವನ್ನು ನಾವು ಗುಂಡು ಹೋದ ಹಾದಿಯುದ್ದಕ್ಕೂ ಅಗಲವಾಗಿ ಕೊಯ್ದು ಬಿಸಾಡಿಯೇ ಅಡುಗೆ ಮಾಡುತ್ತೇವೆ. ಮಗಳು ಅದನ್ನೂ ಮುಟ್ಟುವುದಿಲ್ಲ.

2024ರ ಏಪ್ರಿಲಿನಲ್ಲಿ ಊರಿಗೆ ಹೋದಾಗ ಅಜ್ಜಯ್ಯನ ಕೋವಿಯನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕೆಂಬ ಆಸೆಯಿತ್ತು. ಅಣ್ಣ ನಕ್ಕ. ಲೋಕಸಭೆಯ ಚುನಾವಣೆ ಘೋಷಣೆಯಾದ ಮೇಲೆ ಎಲ್ಲರ ಕೋವಿಗಳೂ ಠಾಣೆಯಲ್ಲಿ ಠೇವಣಿಯಾಗಿದ್ದವು. ಪ್ರತಿ ಚುನಾವಣೆಗೂ ಇದೇ ಪಾಡು, ಹಂದಿ ಮಂಗಗಳಿಗೆ ನೀತಿ ಸಂಹಿತೆಯ ಅರಿವಿಲ್ಲದೆ ತೋಟ ಲೂಟಿಯಾಗುತ್ತದೆ ಎಂದು ಗೊಣಗಿದ. ಕೊಡಗಿನ ಕೊಡವರಿಗೆ ಪರವಾನಗಿಯಿಂದಲೇ ವಿನಾಯಿತಿ ಇದೆ, 2029ರವರೆಗೆ ಅದನ್ನು ಮುಂದುವರಿಸಿಯೂ ಆಗಿದೆ, ನಮಗೆ ಮಾತ್ರ ವರ್ಷವಿಡೀ ಕಾಗದಪತ್ರ ಎಂಬುದು ಅವನ ಇನ್ನೊಂದು ದೂರು. ನಾನು ಅಟ್ಟ ಹತ್ತಿದೆ. ಕೋವಿಯ ಜೊತೆ ಬಂದಿದ್ದ ಕಬ್ಬಿಣದ ಗಜ ಅದರ ಜೊತೆಗೇ ಠಾಣೆಗೆ ಹೋಗಿತ್ತು, ಅಜ್ಜಯ್ಯ ಬಗನಿ ಮರದಲ್ಲಿ ಕೆತ್ತಿಸಿಕೊಂಡಿದ್ದ ಇನ್ನೊಂದು ಗಜ ಕಂಬಳಿಯಲ್ಲಿ ಸುತ್ತಿದ್ದು ಅಲ್ಲೇ ಇತ್ತು. ಒರೆಸಿ ಬೆಳಕಿಗೆ ಹಿಡಿದಾಗ ಮೇಲ್ತುದಿಯ ಹತ್ತಿರ ಕತ್ತಿಯಿಂದ ಗೀರಿದ ಗುರುತುಗಳು ಕಂಡವು. ಮೊದಲ ಗೀರು ಖಾಲಿ ನಳಿಗೆಯ ಮಟ್ಟ, ಅದರ ಕೆಳಗೆ ಬೆರಳು ಬೆರಳಿಗೆ ಒಂದೊಂದು. ಚಿಕ್ಕಂದಿನಲ್ಲಿ ಇವನ್ನು ನಾನು ಗಮನಿಸಿಯೇ ಇರಲಿಲ್ಲ. ಕಣ್ಣಳತೆ, ಕೈಯಳತೆ ಎಂದು ಓಹಾಯೊದಲ್ಲಿ ಅಷ್ಟು ಜೋರಾಗಿ ವಾದಿಸಿದ್ದೆನಲ್ಲ. ನನ್ನ ನಾಲ್ಕು ಬೆರಳುಗಳನ್ನು ಜೋಡಿಸಿ ಗೀರುಗಳ ಮೇಲಿಟ್ಟೆ. ಮೂರನೆಯ ಗೀರನ್ನು ದಾಟಿ ತುಸು ದೂರಕ್ಕೆ ಬಂದವು, ನಾಲ್ಕನೆಯದನ್ನು ಮುಟ್ಟಲಿಲ್ಲ. ಅಣ್ಣನ ಬೆರಳುಗಳೂ ಮುಟ್ಟಲಿಲ್ಲ.